ಯಶುವಿನ ಕತ್ತು ಉಜ್ಜಿದವರಿಗೆ

ಈಗಿನ ಮಕ್ಕಳು ಪ್ಯಾಕೆಟ್ ತಿಂಡಿ ತಿಂದು, ಮೊಬೈಲ್ ಹಿಡಿದು ಕೂತಲ್ಲೇ ಕೂತು ಮೈ ಬೆಳೆಸಿಕೊಳ್ಳುತ್ತವೆ, ಅದಕ್ಕೇ ಈ ವಯಸ್ಸಿಗೇ ಶುಗರ್ರು, ಥೈರಾಯ್ಡು.

ಈ ಮಾತನ್ನು ನೀವೂ ಹೇಳಿದ್ದೀರಿ. ನಾನೂ ಕೇಳಿ ತಲೆಯಾಡಿಸಿದ್ದೇನೆ. ಮದುವೆ ಮನೆಯ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಕ್ಲಿನಿಕ್ಕಿನ ಹೊರಗಿನ ಬೆಂಚಿನ ಮೇಲೆ ಎಲ್ಲರೂ ಒಪ್ಪಿಕೊಂಡಿರುವ ವಾದ ಇದು. ಎಲ್ಲರೂ ಒಪ್ಪಿಕೊಂಡ ವಾದ ಕಂಡರೆ ನನಗೆ ಮೈ ಉರಿಯುತ್ತದೆ. (ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಯಾವಾಗಲೂ ವಿಷಯದ ವಿರೋಧವಾಗಿಯೇ ಮಾತಾಡಿ ಬೆಳೆದವನ ರೋಗ. ಮಾಫಿ ಇರಲಿ.)

ಸರಿ, ಹಾಗಾದರೆ ಒಂದು ಪ್ರಶ್ನೆ. ಒಂದೇ ಅಂಗಡಿಯ ಅದೇ ಪ್ಯಾಕೆಟ್ ತಿಂದು ಬೆಳೆದ ಎರಡು ಮಕ್ಕಳಲ್ಲಿ ಒಂದು ನುಗ್ಗೇಕಾಯಿಯ ಹಾಗೆ, ಇನ್ನೊಂದು ಕುಂಬಳಕಾಯಿಯ ಹಾಗೆ ಇರುವುದೇಕೆ? ತಪ್ಪೆಲ್ಲ ಮಗುವಿನ ಬಾಯಿಯದೇ ಆಗಿದ್ದರೆ ಬಾಯಿ ಬಿಡುವ ಮುಂಚೆ, ತಾಯಿಯ ಹೊಟ್ಟೆಯೊಳಗೆ ಏನಾಯಿತು ಎಂದು ಯಾರಾದರೂ ಕೇಳಿದ್ದೀರಾ?

ನಾನೂ ಕೇಳಿರಲಿಲ್ಲ. ಹೋದ ತಿಂಗಳು ಅಕ್ಕನ ಮನೆಯ ಬಚ್ಚಲಿನಿಂದ ನನ್ನ ಸೊಸೆ ಅಳುವುದು ಕೇಳುವವರೆಗೆ.

ಸೊಸೆ ಎಂದರೆ ಅಕ್ಕನ ಮಗಳು, ಯಶು. ಎಂಟನೇ ಕ್ಲಾಸು. ಅಕ್ಕನನ್ನು ಕೊಟ್ಟಿರುವುದು ಟಿ. ನರಸೀಪುರದ ಆಚೆ, ಸೋಮನಾಥಪುರಕ್ಕೆ ಹತ್ತಿರದ ಒಂದು ಹಳ್ಳಿಗೆ. ಯಶು ಮೈನೆರೆದಿದ್ದಳು. ನಮ್ಮ ಕಡೆ ಅದಕ್ಕೆ ಒಸಗೆ ಮಾಡುತ್ತಾರೆ. ಹುಡುಗಿಯನ್ನು ಸೊಪ್ಪಿನ ಗುಡ್ಲಿನಲ್ಲಿ, ಎಂದರೆ ಪುಟ್ಟ ಗುಡಿಸಲಿನಲ್ಲಿ, ಕೂರಿಸಿ, ನೀರು ಹಾಕಿ, ಆರತಿ ಎತ್ತುತ್ತಾರೆ. ಗುಡ್ಲು ಹಾಕಬೇಕಾದವನು ಸೋದರಮಾವ. ಎಳ್ಳು ಬೆಲ್ಲ ಕುಟ್ಟಿದ ಚಿಗಳಿ ಉಂಡೆ, ಕೊಬ್ಬರಿ, ತುಪ್ಪ ತರಬೇಕಾದವನೂ ಅವನೇ. ಆಮೇಲೆ ಎಷ್ಟೋ ದಿನ ಹುಡುಗಿಗೆ ಅದನ್ನೇ ಹಿಡಿ ಹಿಡಿಯಾಗಿ ತಿನ್ನಿಸುತ್ತಾರೆ. ಸೊಂಟ ಗಟ್ಟಿಯಾಗಬೇಕಂತೆ. ನಾಳೆ ಹೆರಬೇಕಲ್ಲ!

ಆ ಸೋದರಮಾವ ನಾನೇ. ಕವಲಂದೆಯಿಂದ ಸ್ಕೂಟರಿನ ಮೇಲೆ ಬೆಲ್ಲ, ಕೊಬ್ಬರಿ ಹೇರಿಕೊಂಡು ಹೋಗಿದ್ದೆ. ಜಗಲಿಯ ಮೇಲೆ ಚೀಲ ಇಳಿಸುತ್ತಿದ್ದಾಗ ಹಿತ್ತಲ ಬಚ್ಚಲಿನಿಂದ ಅಳು. ಜೊತೆಗೆ ಅಕ್ಕನ ಅತ್ತೆಯ ದನಿ.

"ಒಸಿ ತಡ್ಕೊ ಕಣವ್ವ. ಪೋಟೋದಲ್ಲಿ ಕತ್ತು ಕರ್ರಗೆ ಬಿದ್ದೋಯ್ತದೆ."

ಫೋಟೋಗ್ರಾಫರ್ ಆಗಲೇ ಬಂದು ಶಾಮಿಯಾನದ ಕೆಳಗೆ ಲೈಟು ನಿಲ್ಲಿಸುತ್ತಿದ್ದ. ಒಳಗೆ ಮೂವರು ಹೆಂಗಸರು ಸೇರಿಕೊಂಡು ತೆಂಗಿನ ನಾರಿಗೆ ಸೀಗೆಪುಡಿ ಹಚ್ಚಿ ಹುಡುಗಿಯ ಕತ್ತು ಉಜ್ಜುತ್ತಿದ್ದರು. ಯಶುವಿನ ಕತ್ತಿನ ಹಿಂಭಾಗ ಕಪ್ಪಗೆ, ಮಡಿಕೆ ಮಡಿಕೆಯಾಗಿ, ವೆಲ್ವೆಟ್ ಬಟ್ಟೆಯ ಹಾಗೆ ದಪ್ಪಗಾಗಿ ಒಂದೆರಡು ವರ್ಷವೇ ಆಗಿದೆ. ಕಂಕುಳಲ್ಲೂ ಹಾಗೇ ಎಂದು ಅಕ್ಕ ಆಮೇಲೆ ಹೇಳಿದಳು. ಮನೆಯವರ ತೀರ್ಮಾನ ಒಂದೇ: ಕೊಳೆ. ಹುಡುಗಿ ಸೋಮಾರಿ. ನೆಟ್ಟಗೆ ಸ್ನಾನ ಮಾಡಲ್ಲ. ದಪ್ಪ ಇದ್ದಾಳೆ, ಬೆವರುತ್ತಾಳೆ, ತೊಳೆಯಲ್ಲ.

ಅವಳು ಹೊರಗೆ ಬಂದಾಗ ಕತ್ತು ಕೆಂಡದ ಹಾಗಿತ್ತು. ಎರಡು ಕಡೆ ಸಿಪ್ಪೆ ಎದ್ದು ರಕ್ತ ಜಿನುಗುತ್ತಿತ್ತು. ಕಪ್ಪು ಮಾತ್ರ ಹಾಗೇ ಇತ್ತು. ಹೋಗುವುದಾದರೂ ಎಲ್ಲಿಗೆ? ಕೊಳೆಯಾಗಿದ್ದರೆ ತಾನೇ?

ಹೊಸ ಸೀರೆ ಉಡಿಸಿ ಗುಡ್ಲಿನಲ್ಲಿ ಕೂರಿಸಿದರು. ನಾನು ಶಾಸ್ತ್ರಕ್ಕೆಂದು ಚಿಗಳಿಯ ತಟ್ಟೆ ಹಿಡಿದು ಎದುರು ಕೂತೆ. ಯಶು ತಲೆ ಎತ್ತಲಿಲ್ಲ. ನನಗೊಬ್ಬನಿಗೆ ಕೇಳಿಸುವಷ್ಟೇ ಮೆಲ್ಲಗೆ ಹೇಳಿದಳು.

"ದಿನಾ ಎರಡು ಸಲ ತೊಳ್ಕೊತೀನಿ ಮಾವ. ಯಾರೂ ನಂಬಲ್ಲ."

ಸ್ಕೂಲಿನಲ್ಲಿ ಅವಳಿಗೆ ಗ್ರೀಸ್ ಎಂದು ಹೆಸರಿಟ್ಟಿದ್ದಾರಂತೆ. ಜಡೆ ಹಾಕಿದರೆ ಕತ್ತು ಕಾಣುತ್ತದೆಂದು ಜಡೆ ಹಾಕಲು ಒಲ್ಲೆ ಎನ್ನುತ್ತಾಳಂತೆ. ಜಡೆ ಹಾಕದೆ ಬಂದದ್ದಕ್ಕೆ ಟೀಚರ ಹತ್ತಿರ ಬೈಸಿಕೊಳ್ಳುತ್ತಾಳಂತೆ. ಇವಿಷ್ಟನ್ನೂ ಅಕ್ಕ ನಗುತ್ತಾ ಹೇಳಿದ್ದಳು, ಹಿಂದೊಂದು ಸಲ ಫೋನಿನಲ್ಲಿ. ನಾನೂ ನಕ್ಕಿದ್ದೆ.

ಶಾಸ್ತ್ರಕ್ಕೆ ಒಂದು ಚೂರು ಚಿಗಳಿ ಅವಳ ಬಾಯಿಗಿಟ್ಟೆ. ಅವಳಿಂದ ಅಪ್ಪಣೆ ಪಡೆದು ಕತ್ತಿನ ಒಂದು ಫೋಟೋ ತೆಗೆದು, ಎದ್ದುಬಂದು, ನನ್ನ ಜೊತೆ ಚರ್ಚಾಸ್ಪರ್ಧೆಗಳಿಗೆ ಬರುತ್ತಿದ್ದು ಈಗ ಡಾಕ್ಟರ್ ಆಗಿರುವ ಗೆಳತಿಗೆ ವಾಟ್ಸಾಪ್ ಮಾಡಿದೆ. ಅವಳು ಮೆಸೇಜಿನಲ್ಲಿ ಉತ್ತರಿಸಲಿಲ್ಲ. ಫೋನೇ ಮಾಡಿದಳು. ಇದು ಕೊಳೆಯಲ್ಲ, ಮೊದಲು ಉಜ್ಜುವುದನ್ನು ನಿಲ್ಲಿಸಿ ಎಂದಳು. ಮೈಯಲ್ಲಿ ಇನ್ಸುಲಿನ್ ಇದ್ದೂ ಅದರ ಮಾತನ್ನು ಮೈ ಕೇಳದೆ ಹೋದಾಗ, ಮೈ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ಅದು ಹೆಚ್ಚಾಗಿದೆ ಎಂಬುದಕ್ಕೆ ಕತ್ತಿನಲ್ಲಿ ಹೀಗೆ ಗುರುತು ಬೀಳಬಹುದು. ರಕ್ತ ಪರೀಕ್ಷೆ ಮಾಡಿಸಿ, ತಡ ಮಾಡಬೇಡಿ ಎಂದಳು.

ಆಮೇಲೆ ಎರಡು ಪ್ರಶ್ನೆ ಕೇಳಿದಳು. ಹುಡುಗಿ ಹುಟ್ಟಿದಾಗ ತೂಕ ಎಷ್ಟಿತ್ತು? ಬಸುರಿನಲ್ಲಿ ತಾಯಿಗೆ ಶುಗರ್ ಇತ್ತಾ?

ಫೋನ್ ಹಿಡಿದುಕೊಂಡು ಹಲಸಿನ ಮರದ ಕೆಳಗೆ ನಿಂತಿದ್ದೆ. ಎರಡಕ್ಕೂ ಉತ್ತರ ನನಗೆ ಗೊತ್ತಿತ್ತು.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲವೆ? ಏಳನೇ ತಿಂಗಳಿಗೆ ಅಕ್ಕ ನಮ್ಮ ಮನೆಗೆ ಬಂದಳು. ನಾನಾಗ ಸ್ಕೂಲಿಗೆ ಹೋಗುವ ಹುಡುಗ. ಆಸ್ಪತ್ರೆಯಲ್ಲಿ ಗ್ಲೂಕೋಸ್ ನೀರು ಕುಡಿಸಿ ರಕ್ತ ನೋಡಿ, ಶುಗರ್ ಇದೆ ಎಂದು ಹೇಳಿ ಇನ್ಸುಲಿನ್ ಬರೆದುಕೊಟ್ಟರು. ನಮ್ಮ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಅವ್ವ ಅದನ್ನು ನೀರಿನ ಮಡಕೆಯ ಕೆಳಗಿನ ತಣ್ಣನೆಯ ಮರಳಿನೊಳಗೆ ಡಬ್ಬಿಯಲ್ಲಿಟ್ಟು ಮುಚ್ಚಿದಳು. ಆಮೇಲೆ ನನ್ನನ್ನು ಕರೆದು ಹೇಳಿದಳು, ಸೂಜಿ ವಿಷಯ ಯಾರ ಹತ್ರವೂ ಬಾಯಿ ಬಿಡಬೇಡ, ಬೀಗರ ಕಿವಿಗೆ ಬಿದ್ದರೆ ರೋಗದ ಹೆಣ್ಣು ಕೊಟ್ಟರು ಅಂತಾರೆ ಎಂದು.

ಹೀಗೆ ಮುಚ್ಚಿಟ್ಟುಕೊಂಡೇ ಬಯಕೆ ಶಾಸ್ತ್ರ ಮಾಡಿದರು. ಬೀಗರು ಬುಟ್ಟಿಗಟ್ಟಲೆ ತಂದರು. ಹೋಳಿಗೆ, ಕಜ್ಜಾಯ, ಸಿಹಿಗಡುಬು. ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂಬುದು ನಮ್ಮ ಸೀಮೆಯ ನಂಬಿಕೆ. ಬಂದವರೆಲ್ಲ ಒಂದೊಂದು ತುತ್ತು ಇಟ್ಟರು. ಅಕ್ಕ ಬೇಡ ಎನ್ನುವ ಹಾಗಿಲ್ಲ. ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಕೇಳಿದರೆ ಗುಟ್ಟು ಬಯಲಾಗುತ್ತದೆ. ಹಾಗಾಗಿ ಅವಳು ತಿಂದಳು. ಆಸೆಗೆ ತಿಂದದ್ದಲ್ಲ ಸ್ವಾಮಿ, ಮಾನಕ್ಕೆ ತಿಂದದ್ದು!

ಯಶು ಹುಟ್ಟಿದಾಗ ನಾಲ್ಕು ಕೆ.ಜಿ.ಗೂ ಮೇಲಿದ್ದಳು. ಆಸ್ಪತ್ರೆಯ ವಾರ್ಡಿನಲ್ಲೆಲ್ಲ ಅದೇ ಸುದ್ದಿ. ಗುಂಡು ಗುಂಡಾದ ಮಗು, ತವರಿನ ಊಟದ ಮಹಿಮೆ ಎಂದು ಅವ್ವನ ಮುಖದಲ್ಲಿ ಹೆಮ್ಮೆಯೋ ಹೆಮ್ಮೆ. ಹೆರಿಗೆಯಾದ ಮೇಲೆ ಅಕ್ಕನ ಶುಗರ್ ಇಳಿಯಿತು. ಬಂದಿದ್ದು ಹೋಯ್ತು ಎಂದು ಎಲ್ಲರೂ ಕೈ ತೊಳೆದುಕೊಂಡರು. ಆರು ವಾರ ಬಿಟ್ಟು ಮತ್ತೆ ರಕ್ತ ನೋಡಿಸಿ, ಆಮೇಲೂ ಬಿಡಬೇಡಿ ಎಂದು ಡಾಕ್ಟರು ಹೇಳಿದ್ದರು. ಆದರೆ ಹಸಿ ಬಾಣಂತಿ ಹೊಸಿಲು ದಾಟುವುದುಂಟೆ? ಐದು ತಿಂಗಳು ಅಕ್ಕ ಕತ್ತಲೆ ಕೋಣೆಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಕೂತಳು. ಅಷ್ಟರಲ್ಲಿ ಆ ಮಾತು ಮರೆತೇ ಹೋಯಿತು.

ಈಗ ಒಸಗೆಯ ಅಂಗಳಕ್ಕೆ ಬನ್ನಿ.

ನಾನು ಹೋಗಿ ಇದು ಕೊಳೆಯಲ್ಲ, ರಕ್ತ ಪರೀಕ್ಷೆ ಮಾಡಿಸಬೇಕು ಎಂದೆ. ಮಂಗಳಕಾರ್ಯದ ದಿನ ಎಂಥ ಮಾತು ಎಂದು ಅತ್ತೆ ಮುಖ ಸಿಂಡರಿಸಿದರು. ಅಂಗಳದಲ್ಲಿ ಕೂತಿದ್ದವರು ಶುರು ಮಾಡಿದರು. ಬಾಯಿ ಕಟ್ಟಿದರೆ ಎಲ್ಲ ಸರಿಹೋಗುತ್ತದೆ. ಮೊಬೈಲ್ ಕಿತ್ತುಕೊಳ್ಳಿ. ರಾಗಿಮುದ್ದೆ ಹಾಕಿ. ನಮ್ಮ ಕಾಲದಲ್ಲಿ ಇದೆಲ್ಲ ಇತ್ತೇ? ಹೀಗೆಂದವರ ತಟ್ಟೆಗಳಲ್ಲಿ ನಾನು ತಂದ ಚಿಗಳಿ ಇತ್ತು. ಯಶು ಗುಡ್ಲಿನೊಳಗೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ತನ್ನ ಒಸಗೆಯ ದಿನ, ತನ್ನ ಎದುರೇ, ತನ್ನ ಬಾಯಿಯ ಮೇಲೆ ಊರಿನ ಪಂಚಾಯ್ತಿ.

ಬಸುರಿನ ಶುಗರಿನ ವಿಷಯ ನಾನು ಎತ್ತಲಿಲ್ಲ. ಅದು ನನ್ನ ಗುಟ್ಟಲ್ಲ. ಅಕ್ಕನ ಕಡೆ ನೋಡಿದೆ ಅಷ್ಟೇ. ಅವಳು ಆರತಿ ತಟ್ಟೆ ಹಿಡಿದು ನಿಂತಿದ್ದವಳು ತಟ್ಟೆಯನ್ನು ಕೆಳಗಿಟ್ಟಳು.

"ಇವಳು ಹೊಟ್ಟೇಲಿದ್ದಾಗ ನಂಗೆ ಶುಗರ್ ಇತ್ತು ಅತ್ತೆ. ಸೂಜಿ ತಗೊತಿದ್ದೆ. ನಿಮ್ಗೆ ಹೇಳಿರ್ಲಿಲ್ಲ."

ಒಸಗೆಗೆಂದು ಬಂದಿದ್ದ ನಮ್ಮ ಅವ್ವ ಸೆರಗು ಬಾಯಿಗೆ ಅಡ್ಡ ಹಿಡಿದಳು. ಅತ್ತೆ ತಡಮಾಡಲಿಲ್ಲ.

"ಅಂಗಂದ್ರೆ ರೋಗ ನಿನ್ ಒಟ್ಟೆಯಿಂದ್ಲೇ ಬಂತು ಅನ್ನು. ನಾವು ಮಗೀನ ಬೈತಾ ಕೂತೀವಿ."

ನೋಡಿದಿರಾ? ಅರ್ಧ ಗಂಟೆಯ ಹಿಂದೆ ಹುಡುಗಿಯ ಕತ್ತು ಉಜ್ಜುತ್ತಿದ್ದ ಕೈ ಈಗ ಅವಳ ತಾಯಿಯ ಕಡೆ ತಿರುಗಿತು. ಆರೋಪಿ ಬದಲಾದಳು, ಕಟಕಟೆ ಬದಲಾಗಲಿಲ್ಲ. ಹದಿಮೂರರ ಹುಡುಗಿ ಇಳಿದಳು, ಅವಳಮ್ಮ ಹತ್ತಿದಳು. ಒಂದು ನಿಜವನ್ನು ಹೇಳಿದ್ದಕ್ಕೆ ಸಿಕ್ಕ ಬಹುಮಾನ ಇದು. ಆಮೇಲೆ ಹೆಂಗಸರು ಯಾಕೆ ಮುಚ್ಚಿಡುತ್ತಾರೆ ಎಂದು ಆರೋಗ್ಯ ಶಿಬಿರದಲ್ಲಿ ಭಾಷಣ ಬೇರೆ.

ನನಗೆ ಸಿಟ್ಟು ನೆತ್ತಿಗೇರಿತು. ವಾದ ಮಾಡಿದೆ. ಚೆನ್ನಾಗಿಯೇ ಮಾಡಿದೆ. ಅಂಗಳದಲ್ಲಿ ಯಾರೂ ಕೇಳಲಿಲ್ಲ, ನೀವಾದರೂ ಕೇಳಿ.

ಬಸುರಿನಲ್ಲಿ ತಾಯಿಯ ರಕ್ತದಲ್ಲಿ ಸಕ್ಕರೆ ಏರಿದರೆ ಅದು ಹೊಕ್ಕುಳ ಬಳ್ಳಿಯಲ್ಲಿ ಮಗುವಿಗೂ ಹೋಗುತ್ತದೆ. ತಾಯಿಯ ಇನ್ಸುಲಿನ್ ಹೋಗುವುದಿಲ್ಲ. ಪಾಪದ ಮಗು ತನ್ನದೇ ಪುಟ್ಟ ಮೇದೋಜೀರಕದಿಂದ ಇನ್ಸುಲಿನ್ ಸುರಿಸಿ ಸುರಿಸಿ ಅಷ್ಟನ್ನೂ ಅರಗಿಸುತ್ತದೆ, ಕೊಬ್ಬಾಗಿ ಕೂಡಿಸಿಟ್ಟುಕೊಳ್ಳುತ್ತದೆ. ನಾವು ಗುಂಡು ಮಗು ಎಂದು ದೃಷ್ಟಿ ತೆಗೆಯುವುದು ಇದನ್ನೇ. ಎಲ್ಲ ಗುಂಡು ಮಕ್ಕಳೂ ಹೀಗಲ್ಲ, ಒಪ್ಪುತ್ತೇನೆ. ಆದರೆ ಇಂಥ ಹೊಟ್ಟೆಯಲ್ಲಿ ಬೆಳೆದ ಮಕ್ಕಳಿಗೆ ಮುಂದೆ ಬೊಜ್ಜು, ಶುಗರ್, ಬಿ.ಪಿ. ಬರುವ ಸಂಭವ ಉಳಿದವರಿಗಿಂತ ಹೆಚ್ಚು ಎಂದು ವೈದ್ಯರು ಹೇಳುತ್ತಲೇ ಇದ್ದಾರೆ. ಓಟ ಶುರುವಾಗುವ ಮುಂಚೆಯೇ ಈ ಮಕ್ಕಳ ಕಾಲಿಗೆ ಒಂದು ಕಲ್ಲು ಕಟ್ಟಿ ಬಿಟ್ಟಿರುತ್ತೇವೆ. ಆಮೇಲೆ ನಿಧಾನ ಓಡ್ತೀಯ ಅಂತ ಬೈಯುತ್ತೇವೆ.

ಸಂಭವ ಎಂದೆ. ಹಣೆಬರಹ ಎನ್ನಲಿಲ್ಲ. ಈ ಎರಡರ ವ್ಯತ್ಯಾಸ ಗೊತ್ತಿಲ್ಲದವರು ದಯವಿಟ್ಟು ವಾದಕ್ಕೆ ಬರಬೇಡಿ. ಮೊದಲೇ ಗೊತ್ತಿದ್ದರೆ ಬಸುರಿನಲ್ಲಿ ಸಕ್ಕರೆಯನ್ನು ಹತೋಟಿಯಲ್ಲಿಡಬಹುದು. ಮಗುವಿನ ಊಟ, ಆಟ, ತೂಕದ ಮೇಲೆ ಮೊದಲಿನಿಂದಲೇ ಒಂದು ಕಣ್ಣಿಡಬಹುದು. ಆಗಾಗ ರಕ್ತ ನೋಡಿಸಬಹುದು. ಕಲ್ಲನ್ನು ಬಿಚ್ಚಿ ಹಾಕಲಾಗದಿದ್ದರೂ ಕಲ್ಲಿದೆ ಎಂದು ಗೊತ್ತಿರುವವನು ಬೇರೆ ಥರ ಓಡುತ್ತಾನೆ.

ಇನ್ನೂ ಒಂದು. ಕಾರಣ ಬೇರೆ, ತಪ್ಪು ಬೇರೆ. ಅಕ್ಕನ ಹೊಟ್ಟೆಯಲ್ಲಿ ಕಾರಣ ಇತ್ತು. ತಪ್ಪು ಎಲ್ಲಿತ್ತು? ರೋಗದ ಹೆಣ್ಣು ಎಂದಾರು ಎಂದು ಹೆದರಿಸಿದ ನಾಲಿಗೆಗಳಲ್ಲಿತ್ತು. ಮುಚ್ಚಿಟ್ಟ ನಮ್ಮ ಮನೆಯಲ್ಲಿತ್ತು. ಪ್ರೀತಿ ಎಂದರೆ ಬಾಯಿಗೆ ತುರುಕುವುದು ಎಂದು ತಿಳಿದ ನೂರು ಕೈಗಳಲ್ಲಿತ್ತು. ಇದ್ಯಾವುದೂ ಹೋಳಿಗೆಯ ತಪ್ಪಲ್ಲ. ಹೋಳಿಗೆ ಬೇಡ ಎನ್ನುವ ಸ್ವಾತಂತ್ರ್ಯ ಒಬ್ಬ ಬಸುರಿಗೆ ಇಲ್ಲದೆ ಹೋಯಿತಲ್ಲ, ಆ ತಪ್ಪು.

ಭಾವ, ಅಂದರೆ ಯಶುವಿನ ಅಪ್ಪ, ಇಷ್ಟೆಲ್ಲ ಆಗುವಾಗ ಶಾಮಿಯಾನದ ಗೂಟ ಹಿಡಿದು ನಿಂತಿದ್ದರು. ಅವರು ಊರಿನ ಹಾಲಿನ ಡೇರಿ ನೋಡಿಕೊಳ್ಳುವವರು. ಒಳ್ಳೆಯ ಮನುಷ್ಯ, ಕೈಯೆತ್ತಿದವರಲ್ಲ, ಕುಡಿಯುವವರಲ್ಲ. ಹಸು ಗಬ್ಬವಾದರೆ ಏನು ಹಾಕಬೇಕು, ಏನು ಹಾಕಬಾರದು, ಹಾಕಿದರೆ ಕರು ಹೇಗಾಗುತ್ತದೆ ಎಂದು ಊರವರು ಕೇಳಲು ಬರುವುದು ಇವರ ಹತ್ತಿರವೇ. ಗಬ್ಬದ ಹಸು ತಿಂದದ್ದು ಕರುವಿನ ಮೈಯಲ್ಲಿ ಕಾಣುತ್ತದೆ ಎಂದು ಇವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಇದನ್ನೇ ಎತ್ತಿ ಹೇಳಿದೆ. ಹಸುವಿನ ವಿಷಯದಲ್ಲಿ ಊರಿಗೆಲ್ಲ ಗೊತ್ತಿರುವುದು ಹೆಂಗಸಿನ ವಿಷಯಕ್ಕೆ ಬಂದಾಗ ಎಲ್ಲಿ ಹೋಗುತ್ತದೆ ಭಾವ ಎಂದೆ.

"ಬುಡಪ್ಪ, ಜನ ಕೂತವ್ರೆ. ಆಮೇಲೆ ಮಾತಾಡಮು," ಎಂದರು.

ಆಮೇಲೆ ಎನ್ನುವುದು ನಮ್ಮ ಗಂಡಸರ ಕ್ಯಾಲೆಂಡರಿನಲ್ಲಿ ಒಂದು ತಾರೀಖು. ಅದು ಬಂದದ್ದನ್ನು ಇಲ್ಲಿಯವರೆಗೆ ಯಾರೂ ಕಂಡಿಲ್ಲ.

ಉಳಿದ ಬೆಲ್ಲ, ಕೊಬ್ಬರಿಯನ್ನು ಸ್ಕೂಟರಿಗೆ ವಾಪಸ್ ಹೇರಿಕೊಂಡೆ. ತಂದ ಸೋಪಸ್ಕರವನ್ನು ಒಸಗೆ ಮನೆಯಿಂದ ವಾಪಸ್ ಹೊತ್ತೊಯ್ದ ಸೋದರಮಾವ ನಮ್ಮ ಸೀಮೆಯಲ್ಲಿ ಬಹುಶಃ ನಾನೊಬ್ಬನೇ. ಎರಡು ತಾಲ್ಲೂಕಿನ ನೆಂಟರು ಇನ್ನೂ ಆಡಿಕೊಳ್ಳುತ್ತಿದ್ದಾರೆ. (ಜಿಪುಣ ಎಂಬ ಬಿರುದು ಸಿಕ್ಕಿದೆ. ಸಂತೋಷ.) ಚಿಗಳಿ ಒಂದು ದಿನ ತಿಂದರೆ ಯಾರೂ ಸಾಯುವುದಿಲ್ಲ, ನನಗೂ ಗೊತ್ತು. ಆದರೆ ಇವಳ ಮೈ ಬೇಡ ಎಂದು ಕತ್ತಿನ ಮೇಲೆ ಬರೆದುಕೊಂಡು ನಿಂತಿರುವಾಗ, ನಾಳೆ ಹೆರಲು ಸೊಂಟ ಗಟ್ಟಿಯಾಗಲಿ ಎಂದು ಹಿಡಿ ಹಿಡಿ ಬೆಲ್ಲ ತಿನ್ನಿಸುವುದೇ? ಇದೇ ಹುಡುಗಿ ನಾಳೆ ಬಸುರಿಯಾಗಿ, ಅವಳಿಗೂ ಶುಗರ್ ಬಂದು, ಅವಳ ಮಗುವಿಗೂ ಇದೇ ಕಲ್ಲು ಕಟ್ಟಿ ಬಿಡಲಿ ಎಂದೇ? ಯಾವ ಹೆರಿಗೆಗೆ ಈ ತಯಾರಿ?

ಮುಂದಿನ ವಾರ ಅಕ್ಕ, ಯಶು ಇಬ್ಬರನ್ನೂ ನಂಜನಗೂಡಿಗೆ ಕರೆಸಿಕೊಂಡೆ. ಪಕ್ಕದ ನರಸೀಪುರದಲ್ಲಿ ಮಾಡಿಸಬಾರದೆಂದು ಅತ್ತೆಯ ಅಪ್ಪಣೆ. ಅಲ್ಲಿನ ಲ್ಯಾಬಿನವರು ಪರಿಚಯದವರಂತೆ. ಹೆಣ್ಣುಮಗಳ ವಿಷಯ, ಸುದ್ದಿಯಾದರೆ ನಾಳೆ ಯಾರು ಬರುತ್ತಾರೆ ನೋಡಲು? ಹದಿಮೂರು ವರ್ಷದ ಹಿಂದೆ ನಮ್ಮ ಅವ್ವ ಆಡಿದ ಮಾತೇ. ಮನೆ ಬೇರೆ, ಬಾಯಿ ಬೇರೆ, ಮಾತು ಅದೇ.

ನಂಜನಗೂಡಿನ ಲ್ಯಾಬಿನ ಬೆಂಚಿನ ಮೇಲೆ ಯಶು ಬರಿಹೊಟ್ಟೆಯಲ್ಲಿ ಕೂತಿದ್ದಳು. ದುಪಟ್ಟಾದಲ್ಲಿ ಕತ್ತು ಸುತ್ತಿಕೊಂಡಿದ್ದಳು. ರಿಪೋರ್ಟಿನಲ್ಲಿ ಕೊಳೆ ಅಲ್ಲ ಅಂತ ಬರೀತಾರಾ ಮಾವ, ಸ್ಕೂಲಲ್ಲಿ ತೋರಿಸ್ಬೇಕು ಎಂದಳು. ರಿಪೋರ್ಟು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೌಂಟರಿನಲ್ಲಿ ಕೇಳುವ ನೆವ ಮಾಡಿ ಎದ್ದುಹೋದೆ. (ವಾದದಲ್ಲಿ ಕಪ್ ಗೆದ್ದವನು ನಾನು!)

ನಾನೇ ಹಟ ಹಿಡಿದು ಅಕ್ಕನದೂ ರಕ್ತ ಕೊಡಿಸಿದೆ. ನಂದ್ಯಾಕೋ, ನಾನು ಚೆನ್ನಾಗೇ ಇದೀನಲ್ಲ ಎಂದಳು. ಸುಸ್ತು ಇತ್ತು, ಬಾಯಾರಿಕೆ ಇತ್ತು. ಇವೆಲ್ಲ ಮನೆಗೆಲಸ ಮಾಡುವ ಹೆಂಗಸಿಗೆ ಇದ್ದದ್ದೇ ಅಲ್ಲವೇ?

ಸಂಜೆ ರಿಪೋರ್ಟು ಬಂತು. ಯಶುವಿನದು ಗಡಿಯ ಮೇಲಿದೆ. ಇನ್ನೂ ದಾಟಿಲ್ಲ, ಊಟ, ಓಡಾಟ ಸರಿಮಾಡಿಕೊಂಡು ಆಗಾಗ ತೋರಿಸುತ್ತಿದ್ದರೆ ಹಿಂದಕ್ಕೆ ತರುವ ಅವಕಾಶ ಚೆನ್ನಾಗಿದೆ ಎಂದರು ಡಾಕ್ಟರು. ಹುಡುಗಿಯನ್ನು ಬೈಯಬೇಡಿ, ಮನೆಯವರೆಲ್ಲ ಅವಳ ಜೊತೆ ಅದನ್ನೇ ಉಣ್ಣಿ ಎಂದೂ ಹೇಳಿದರು.

ಅಕ್ಕನದು ಗಡಿ ದಾಟಿ ಬಹಳ ದೂರ ಹೋಗಿತ್ತು. ಎಷ್ಟು ವರ್ಷದಿಂದಲೋ ಗೊತ್ತಿಲ್ಲ, ನೋಡಿಸಿಯೇ ಇಲ್ಲವಲ್ಲ, ಇನ್ನು ಕಣ್ಣು, ಕಿಡ್ನಿ ಎಲ್ಲ ಪರೀಕ್ಷೆ ಮಾಡಿಸಬೇಕು ಎಂದರು. ಬಸುರಿನಲ್ಲಿ ಬಂದ ಶುಗರ್ ಹೆರಿಗೆಯ ಜೊತೆ ಹೋದರೂ ಮುಂದೊಂದು ದಿನ ಅದು ಉಳಿಯಲೆಂದೇ ಬರುವ ಸಂಭವ ಹೆಚ್ಚಂತೆ. ಆ ಆರು ವಾರದ ಪರೀಕ್ಷೆ ಮಾಡಿಸಿ ಎಂದದ್ದು ಇದಕ್ಕೇ.

ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದಾಗ, ಮನೆಯಲ್ಲೇ ನೋಡಿಕೊಳ್ಳಲು ಒಂದು ಶುಗರ್ ಮೆಷಿನ್ ತಂದುಕೊಡುತ್ತೇನೆ ಎಂದೆ. ಅಕ್ಕ ಬೇಡ ಎಂದಳು.

"ಮನೇಲಿ ಐತೆ ಕಣೋ. ನಿಮ್ ಭಾವಂಗೂ ಶುಗರ್ ಐತಲ್ಲ, ಆರೇಳು ವರ್ಷ ಆಯ್ತು. ಬೆಳಿಗ್ಗೆ ಎದ್ದು ನೋಡ್ಕೊತಾರೆ."

ಭಾವನಿಗೂ ಇದೆ. ಅಂದರೆ ಹುಡುಗಿಗೆ ಎರಡೂ ಕಡೆಯಿಂದ ಇದೆ. ಅತ್ತೆಗೆ ಇದು ಗೊತ್ತಿದೆ. ಗೊತ್ತಿದ್ದೂ ಅಂಗಳದ ತುಂಬ ಜನರ ಎದುರು ನಿನ್ನ ಹೊಟ್ಟೆಯಿಂದಲೇ ಎಂದರು. ಭಾವನಿಗೂ ಗೊತ್ತಿದೆ. ಗೊತ್ತಿದ್ದೂ ಗೂಟ ಹಿಡಿದು ನಿಂತರು. ಅಕ್ಕನಿಗೂ ಗೊತ್ತಿದೆ. ಗೊತ್ತಿದ್ದೂ ಬೈಸಿಕೊಂಡಳು.

ಮತ್ತೆ ನೀನ್ಯಾಕೆ ಒಂದ್ಸಲವೂ ಅದರಲ್ಲಿ ನೋಡಿಕೊಳ್ಳಲಿಲ್ಲ ಎಂದು ಕೇಳಿದೆ. ಅವಳು ನನ್ನನ್ನು ಪೆದ್ದನನ್ನು ನೋಡುವಂತೆ ನೋಡಿದಳು.

"ಅದು ಅವರ್ದು ಕಣೋ."

ಬಸ್ಸು ಬಂತು. ತಾಯಿ ಮಗಳು ಹತ್ತಿ ಕೂತರು. ನಾನು ಅಲ್ಲೇ ನಿಂತು ಭಾವನಿಗೆ ಫೋನ್ ಮಾಡಿದೆ. ಎರಡು ರಿಪೋರ್ಟನ್ನೂ ಓದಿ ಹೇಳಿದೆ. ಹೂಂ ಎಂದರು. ಹೂಂ ಎಂದರು. ಆಮೇಲೆ ಒಂದು ಪ್ರಶ್ನೆ ಕೇಳಿದೆ. ಡೇರಿಯಲ್ಲಿ ಹಾಲು ಹಾಕಿಸಿಕೊಳ್ಳುವ ಹೊತ್ತಾಯ್ತು ಎಂದು ಫೋನ್ ಇಟ್ಟರು. ವಾರ ಮೂರಾಯಿತು. ಅವರು ಈ ಅಂಕಣ ತಪ್ಪದೆ ಓದುತ್ತಾರೆ, ಡೇರಿಗೆ ಬರುವವರಿಗೆ ಓದಿಯೂ ಹೇಳುತ್ತಾರೆ. ಹಾಗಾಗಿ ಆ ಪ್ರಶ್ನೆಯನ್ನು ಇಲ್ಲೇ ಮತ್ತೊಮ್ಮೆ ಕೇಳುತ್ತಿದ್ದೇನೆ.

ಭಾವ, ಆರೇಳು ವರ್ಷದಿಂದ ದಿನಾ ಬೆಳಿಗ್ಗೆ ನಿಮ್ಮ ಬೆರಳಿಗೆ ಚುಚ್ಚಿಕೊಳ್ಳುವಾಗ ಪಕ್ಕದಲ್ಲೇ ಕಾಫಿ ಲೋಟ ಹಿಡಿದು ನಿಂತಿರುತ್ತಿದ್ದ ಅಕ್ಕನಿಗೆ, ಎಲ್ಲಿ ನಿನ್ನ ಕೈಯನ್ನೂ ಒಂದ್ಸಲ ಕೊಡು ಎನ್ನಲು ನಿಮಗೆ ಏನು ಅಡ್ಡ ಬಂತು?